ಕಮಿಟ್ ಆಗದಿದ್ದಾಗ ಎಲ್ಲಿ ನೋಡಬೇಕು: ಸಬ್‌ವರ್ಷನ್ ಸರ್ವರ್‌ನ ದೋಷ ನಿವಾರಣೆ

ಮಡಿಕೇರಿಯ ನಮ್ಮ ಕಚೇರಿಯ ಮೂಲೆಯಲ್ಲಿ ಒಂದು ಸಬ್‌ವರ್ಷನ್ ಸರ್ವರ್ ಇದೆ. ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶವದು. ಕುಶಾಲನಗರ, ಗೋಣಿಕೊಪ್ಪ ಮತ್ತು ವಿರಾಜಪೇಟೆಗಳಲ್ಲಿ ಕುಳಿತು ಕಾಫಿ ತೋಟಗಳ ಲೆಕ್ಕಪತ್ರದ ತಂತ್ರಾಂಶ ಬರೆಯುವವರು ದಿನವೂ ತಮ್ಮ ಕೆಲಸವನ್ನು ಅದಕ್ಕೆ ಒಪ್ಪಿಸುತ್ತಾರೆ, ಅಂದರೆ ಕಮಿಟ್ ಮಾಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರಲ್ಲಿ ಯಾರು ಫೋನ್ ಮಾಡಿದರೂ ಮೊದಲು ಹೇಳುವ ಮಾತು ಒಂದೇ: “ಕಮಿಟ್ ಆಗ್ತಾ ಇಲ್ಲ ಸರ್, ಮಳೆಗೆ ಲೈನ್ ಹೋಗಿರ್ಬೇಕು.” ಮರ ಬಿದ್ದು ತಂತಿ ಹರಿಯುವುದಾಗಲಿ, ಗಂಟೆಗಟ್ಟಲೆ ಕರೆಂಟ್ ಇಲ್ಲದಿರುವುದಾಗಲಿ ಕೊಡಗಿನಲ್ಲಿ ಹೊಸ ಸಂಗತಿಯಲ್ಲವಾದ್ದರಿಂದ ಆ ಅನುಮಾನ ಸಹಜವೇ. ಆದರೆ ದೋಷಗಳನ್ನು ಬರೆದಿಡಲೆಂದೇ ನಾನು ಇಟ್ಟುಕೊಂಡಿರುವ ಪುಸ್ತಕವನ್ನು ತಿರುವಿ ನೋಡಿದರೆ, ಮಳೆಯೇ ನೇರ ಕಾರಣವಾಗಿದ್ದ ಪುಟಗಳು ಕಡಿಮೆ. ಹೆಚ್ಚಿನ ಸಲ ತಪ್ಪು ಕಡತದ ಅನುಮತಿಯಲ್ಲೋ, ಕಮಿಟ್‌ನ ಹೊತ್ತಿಗೆ ಸರ್ವರ್ ತಾನಾಗಿ ಓಡಿಸುವ ‘ಹುಕ್’ ಎಂಬ ಸ್ಕ್ರಿಪ್ಟ್‌ನಲ್ಲೋ, ನಾವೇ ಬರೆದಿಟ್ಟು ಮರೆತ ಬ್ಯಾಕಪ್ ಸ್ಕ್ರಿಪ್ಟ್‌ನಲ್ಲೋ ಸಿಕ್ಕಿದೆ.

ಗಿಟ್ ಬಳಸುವವರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಗಿಟ್‌ನಲ್ಲಿ ಕಮಿಟ್ ಬಳಕೆದಾರರ ಯಂತ್ರದಲ್ಲೇ ಮುಗಿಯುತ್ತದೆ, ಸರ್ವರ್‌ನ ತಕರಾರು ಪುಶ್ ಮಾಡುವಾಗ ಬರುತ್ತದೆ. ಸಬ್‌ವರ್ಷನ್‌ನಲ್ಲಿ ಕಮಿಟ್ ಎಂದರೆ ಸರ್ವರ್‌ನ ಡಿಸ್ಕ್‌ವರೆಗಿನ ಇಡೀ ಪ್ರಯಾಣ. ಈ ಬರಹ ಆ ಪ್ರಯಾಣದ ಕುರಿತದ್ದು. ಕಮಿಟ್‌ಗಳೆಲ್ಲ ಸೇರುವ ಸಂಗ್ರಹ, ಅಂದರೆ ರೆಪಾಸಿಟರಿ, ಸಾಮಾನ್ಯ ಕಡತಗಳಲ್ಲೇ ಬರೆದಿಡುವ ಎಫ್‌ಎಸ್‌ಎಫ್‌ಎಸ್ ಮಾದರಿಯದೆಂದು ಇಟ್ಟುಕೊಂಡಿದ್ದೇನೆ, ಏಕೆಂದರೆ 2005ರ 1.2 ಆವೃತ್ತಿಯಿಂದ ಹೊಸ ರೆಪಾಸಿಟರಿಗಳೆಲ್ಲ ತಾವಾಗಿಯೇ ಆ ಮಾದರಿಯಲ್ಲಿ ಹುಟ್ಟುತ್ತವೆ.

ಮೊದಲ ಪ್ರಶ್ನೆ: ರಿವಿಷನ್ ನಿಜವಾಗಿಯೂ ಬಂದಿಲ್ಲವೇ?

ಬಳಕೆದಾರರ ಪರದೆಯಲ್ಲಿ ‘ಕಮಿಟ್ ಫೇಲ್ಡ್’ ಎಂಬ ಸಾಲು ಕಂಡ ಕೂಡಲೇ ಯಾವ ದುರಸ್ತಿಗೂ ಕೈಹಾಕಬಾರದು. ಮೊದಲು ಸರ್ವರ್‌ನಲ್ಲಿ ‘ಎಸ್‌ವಿಎನ್‌ಲುಕ್ ಯಂಗೆಸ್ಟ್’ ಆದೇಶ ಕೊಟ್ಟು ಇತ್ತೀಚಿನ ರಿವಿಷನ್ ಸಂಖ್ಯೆಯನ್ನು, ಅಂದರೆ ಕೊನೆಯದಾಗಿ ದಾಖಲಾದ ಕಮಿಟ್‌ನ ಕ್ರಮಸಂಖ್ಯೆಯನ್ನು, ನೋಡಬೇಕು. ಆಮೇಲೆ ಆ ರಿವಿಷನ್ನಿನ ಲಾಗ್‌ನಲ್ಲಿ ಯಾರ ಹೆಸರಿದೆ ಎಂಬುದನ್ನು ನೋಡಬೇಕು. ವಿಫಲವಾಯಿತೆಂದು ದೂರಿದವರ ಹೆಸರೇ ಅಲ್ಲಿದ್ದರೆ ಕಮಿಟ್ ವಿಫಲವಾಗಿಲ್ಲ, ಅದರ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗಿದೆ. ಇವೆರಡನ್ನು ಬೇರೆ ಮಾಡದೆ ಮುಂದೆ ಹೋದವರು ಇಲ್ಲದ ದೋಷವನ್ನು ಹುಡುಕುತ್ತಾ ಇರುವ ದೋಷವನ್ನು ಬಿಟ್ಟುಬಿಡುತ್ತಾರೆ.

ನಮ್ಮಲ್ಲಿ ಹಾಗೆಯೇ ಆಯಿತು. ಒಂದು ಮಳೆಗಾಲದಲ್ಲಿ ವಿರಾಜಪೇಟೆಯ ಹುಡುಗನೊಬ್ಬನಿಗೆ ರಾತ್ರಿ ಒಂಬತ್ತರ ಸುಮಾರಿಗೆ ಮಾಡಿದ ಕಮಿಟ್‌ಗಳು ಮಾತ್ರ 504 (ಕಾಯುವ ಹೊತ್ತು ಮೀರಿತು) ಎಂಬ ಉತ್ತರದೊಂದಿಗೆ ಬಿದ್ದುಹೋಗುತ್ತಿದ್ದವು. ಮತ್ತೆ ಪ್ರಯತ್ನಿಸಿದರೆ ‘ಔಟ್ ಆಫ್ ಡೇಟ್’ (ನಿಮ್ಮ ಪ್ರತಿ ಹಳೆಯದು) ಎಂದು ಬರುತ್ತಿತ್ತು. ಹಗಲಿನಲ್ಲಿ ಎಲ್ಲವೂ ಸರಿ. ಅವನೂ ಮಳೆಯನ್ನೇ ದೂರಿದ, ನಾನೂ ಒಪ್ಪಿದೆ. ನಾಲ್ಕನೆಯ ದಿನ ಲಾಗ್ ತೆಗೆದು ನೋಡಿದಾಗ ಅವನ ‘ವಿಫಲ’ ಕಮಿಟ್‌ಗಳೆಲ್ಲ ಅವನದೇ ಹೆಸರಿನಲ್ಲಿ, ಅವನು ಕಳುಹಿಸಿದ ಹೊತ್ತಿಗಿಂತ ಹತ್ತಿಪ್ಪತ್ತು ನಿಮಿಷ ತಡವಾಗಿ ದಾಖಲಾಗಿದ್ದವು.

ಕಾರಣ ನಾನೇ ಬರೆದ ಬ್ಯಾಕಪ್ ಸ್ಕ್ರಿಪ್ಟ್. ಒಂಬತ್ತು ಗಂಟೆಗೆ ಅದು ‘ಎಸ್‌ವಿಎನ್‌ಅಡ್ಮಿನ್ ಫ್ರೀಜ್’ ಆದೇಶದಿಂದ ರೆಪಾಸಿಟರಿಯನ್ನು ಹಿಡಿದಿಟ್ಟು, ಕಡತಗಳನ್ನು ನಕಲಿಸುವ ಆರ್‌ಸಿಂಕ್ ಮೂಲಕ ಬೇರೆ ಊರಿನ ಯಂತ್ರಕ್ಕೆ ಪ್ರತಿ ಕಳುಹಿಸುತ್ತಿತ್ತು. 1.8ನೆಯ ಆವೃತ್ತಿಯಲ್ಲಿ ಬಂದ ಈ ಆದೇಶ ತನಗೆ ಒಪ್ಪಿಸಿದ ಕೆಲಸ ಮುಗಿಯುವವರೆಗೂ ಬರವಣಿಗೆಯ ಬೀಗವನ್ನು ತನ್ನ ಕೈಯಲ್ಲಿಟ್ಟುಕೊಳ್ಳುತ್ತದೆ. ಓದುವವರಿಗೆ ಅಡ್ಡಿಯಿಲ್ಲ, ಕಮಿಟ್ ಮಾಡುವವರು ಕಾಯಬೇಕು. ಬೇಸಿಗೆಯಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುತ್ತಿದ್ದ ಪ್ರತಿ, ಜಾಲ ನಿಧಾನವಾದಾಗ ಇಪ್ಪತ್ತು ನಿಮಿಷ ಎಳೆಯಿತು. ಮುಂಬಾಗಿಲಲ್ಲಿದ್ದು ಕೋರಿಕೆಗಳನ್ನು ಒಳಗೆ ದಾಟಿಸುವ ಎಂಜಿನ್‌ಎಕ್ಸ್ ತನ್ನ ಮೂಲ ಹೊಂದಿಕೆಯಂತೆ 60 ಸೆಕೆಂಡ್ ಕಾದು ಬಳಕೆದಾರನಿಗೆ 504 ಹೇಳಿ ಕಳುಹಿಸಿತು. ಒಳಗೆ ಸಬ್‌ವರ್ಷನ್ ನಡೆಸುತ್ತಿದ್ದ ವೆಬ್ ಸರ್ವರ್ ಅಪಾಚೆಯ ಪ್ರಕ್ರಿಯೆಗೆ ಅದು ತಿಳಿಯಲೇ ಇಲ್ಲ. ಬೀಗ ಸಿಕ್ಕ ಕೂಡಲೇ ಅದು ಕಮಿಟ್ ಮುಗಿಸಿ, ಕೇಳುವವರಿಲ್ಲದ ಉತ್ತರ ಕೊಟ್ಟಿತು. ಮಳೆಯ ಪಾಲು ಇಲ್ಲಿ ಇದ್ದೇ ಇತ್ತು, ಆದರೆ ನಾವು ಹುಡುಕಿದ ಜಾಗದಲ್ಲಿ ಇರಲಿಲ್ಲ. ಈಗ ‘ಹಾಟ್‌ಕಾಪಿ’ ಆದೇಶದಿಂದ ಅದೇ ಡಿಸ್ಕ್‌ನಲ್ಲಿ ಮೊದಲು ಒಂದು ಪ್ರತಿ ತೆಗೆದು, ದೂರದ ಊರಿಗೆ ಆ ಪ್ರತಿಯನ್ನು ಕಳುಹಿಸುತ್ತೇವೆ.

ಹೀಗೆ ಸದ್ದಿಲ್ಲದೆ ಬಂದುಬಿಟ್ಟ ಕಮಿಟ್ ಇದ್ದಾಗ ಬಳಕೆದಾರರು ಅಪ್‌ಡೇಟ್ ಮಾಡಿದರೆ ಸಾಕು. ಸರ್ವರ್‌ನಲ್ಲಿರುವುದೂ ಅವರ ಬಳಿ ಇರುವುದೂ ಒಂದೇ ಪಠ್ಯವಾದ್ದರಿಂದ ಬದಲಾವಣೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಹೊಸದಾಗಿ ಸೇರಿಸಿದ ಕಡತಗಳಿಗೆ ಮಾತ್ರ ‘ಟ್ರೀ ಕಾನ್‌ಫ್ಲಿಕ್ಟ್’, ಅಂದರೆ ಒಂದೇ ಹೆಸರಿನ ಎರಡು ಕಡತಗಳ ಘರ್ಷಣೆ, ಕಾಣಿಸಿಕೊಳ್ಳಬಹುದು. ಎರಡೂ ಒಂದೇ ಎಂದು ಖಚಿತಪಡಿಸಿಕೊಂಡು ಅದನ್ನು ಬಗೆಹರಿಸಬೇಕು.

ಕಮಿಟ್ ಸಾಗುವ ದಾರಿ

ಬಂದಿಲ್ಲವೆಂದು ಖಚಿತವಾದ ಮೇಲೆ ದಾರಿಯ ಯಾವ ಜಾಗದಲ್ಲಿ ನಿಂತಿದೆ ಎಂದು ಹುಡುಕಬೇಕು. ಬಳಕೆದಾರರ ಯಂತ್ರದಲ್ಲಿರುವ ಕೆಲಸದ ಪ್ರತಿ, ಅಂದರೆ ವರ್ಕಿಂಗ್ ಕಾಪಿ, ತನ್ನ ಬದಲಾವಣೆಗಳನ್ನು ಒಟ್ಟುಮಾಡಿಕೊಂಡು ಸರ್ವರ್‌ನ ಬಾಗಿಲು ತಟ್ಟುತ್ತದೆ. ಸರ್ವರ್ ಅವರು ಯಾರು, ಅವರಿಗೆ ಬರೆಯುವ ಹಕ್ಕಿದೆಯೇ ಎಂದು ನೋಡಿ ‘ಸ್ಟಾರ್ಟ್-ಕಮಿಟ್’ ಹುಕ್ ಇದ್ದರೆ ಓಡಿಸುತ್ತದೆ. ಕಳುಹಿಸಿದ ಮಾಹಿತಿ ‘ಡಿಬಿ’ ಫೋಲ್ಡರಿನ ಒಳಗೆ ‘ಟ್ರಾನ್ಸಾಕ್ಷನ್ಸ್’ ಮತ್ತು ‘ಟಿಎಕ್ಸ್‌ಎನ್-ಪ್ರೊಟೊರೆವ್ಸ್’ ಎಂಬ ಜಾಗಗಳಲ್ಲಿ ತಾತ್ಕಾಲಿಕವಾಗಿ ಕೂರುತ್ತದೆ. ಎಲ್ಲ ಬಂದ ಮೇಲೆ ‘ಪ್ರೀ-ಕಮಿಟ್’ ಹುಕ್ ಒಪ್ಪಬೇಕು. ಆಮೇಲೆ ಬರವಣಿಗೆಯ ಬೀಗ ಹಿಡಿದು, ತಾತ್ಕಾಲಿಕ ಕಡತವನ್ನು ‘ರೆವ್ಸ್’ ಫೋಲ್ಡರಿಗೆ ಸರಿಸಿ, ಕೊನೆಗೆ ‘ಕರೆಂಟ್’ ಎಂಬ ಪುಟ್ಟ ಕಡತದಲ್ಲಿ ಹೊಸ ಸಂಖ್ಯೆಯನ್ನು ಬರೆಯುತ್ತದೆ. ಆ ಸಂಖ್ಯೆ ಬಿದ್ದ ಕ್ಷಣ ಕಮಿಟ್ ಆಗಿದೆ. ಅದರ ನಂತರದ ‘ಪೋಸ್ಟ್-ಕಮಿಟ್’ ಹುಕ್ ಎಷ್ಟೇ ಗದ್ದಲ ಮಾಡಿದರೂ ಆದದ್ದು ಹಿಂದಕ್ಕೆ ಹೋಗದು.

ಬಳಕೆದಾರರು ಫೋನಿನಲ್ಲಿ ಓದಿಹೇಳುವ ದೋಷ ಸಂದೇಶದ ಮೊದಲ ಸಾಲು ಸಾಮಾನ್ಯವಾಗಿ ಏನನ್ನೂ ಹೇಳುವುದಿಲ್ಲ. ‘ಇ’ ಅಕ್ಷರದಿಂದ ಶುರುವಾಗುವ ಆರಂಕಿ ಸಂಖ್ಯೆಗಳನ್ನೆಲ್ಲ ಕೇಳಿ ಬರೆದುಕೊಳ್ಳಬೇಕು, ಮತ್ತು ಅದೇ ನಿಮಿಷದ ಅಪಾಚೆ ದೋಷದ ಲಾಗನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಬಳಕೆದಾರರಿಗೆ ಕಾಣದ ಕಾರಣ ಅಲ್ಲಿ ಪೂರ್ತಿ ವಿಳಾಸದೊಂದಿಗೆ ಇರುತ್ತದೆ.

ಬಳಕೆದಾರರ ಕಡೆಯ ತೊಂದರೆಗಳು

ಇವು ಬೇಗ ಮುಗಿಯುವ ಸಂಗತಿಗಳು. 155004 ಎಂದರೆ ಹಿಂದಿನ ಕೆಲಸ ಅರ್ಧದಲ್ಲಿ ನಿಂತು ವರ್ಕಿಂಗ್ ಕಾಪಿಯಲ್ಲಿ ಬೀಗ ಉಳಿದಿದೆ, ‘ಕ್ಲೀನಪ್’ ಸಾಕು. 155015 ಎಂದರೆ ಬಗೆಹರಿಸದ ಕಾನ್‌ಫ್ಲಿಕ್ಟ್ ಇದೆ. 155011 ಎಂದರೆ ಅಪ್‌ಡೇಟ್ ಆಗಬೇಕು. ಈ ಕೊನೆಯದರಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ: ಬೇರೆ ಯಾರೂ ಏನೂ ಬದಲಿಸದಿದ್ದರೂ ಫೋಲ್ಡರ್ ಅಳಿಸುವಾಗ ಅಥವಾ ಅದರ ಗುಣವನ್ನು (ಪ್ರಾಪರ್ಟಿ) ಬದಲಿಸುವಾಗ ಇದು ಬರಬಹುದು. ಫೋಲ್ಡರಿನೊಳಗಿನ ಒಂದು ಕಡತವನ್ನು ಕಮಿಟ್ ಮಾಡಿದಾಗ ಆ ಕಡತದ ರಿವಿಷನ್ ಮುಂದೆ ಹೋಗುತ್ತದೆ, ಫೋಲ್ಡರಿನದು ಹಳೆಯದರಲ್ಲೇ ನಿಲ್ಲುತ್ತದೆ. “ನಾನೊಬ್ಬನೇ ಕೆಲಸ ಮಾಡ್ತಿರೋದು, ಔಟ್ ಆಫ್ ಡೇಟ್ ಹೇಗಾಗುತ್ತೆ?” ಎಂಬ ಪ್ರಶ್ನೆಗೆ ಇದೇ ಉತ್ತರ.

ತೋಟದ ಕಚೇರಿಗಳ ಹಳೆಯ ಯಂತ್ರಗಳಲ್ಲಿ ಇನ್ನೊಂದನ್ನು ನೋಡಿದ್ದೇನೆ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ದೀರ್ಘ ವಿದ್ಯುತ್ ಕಡಿತದ ನಂತರ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಸರ್ವರ್‌ನ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಆ ಯಂತ್ರ ತಿಳಿದು 230001 ಸಂಖ್ಯೆಯೊಂದಿಗೆ ಸಂಪರ್ಕವನ್ನೇ ನಿರಾಕರಿಸುತ್ತದೆ. ಸರ್ವರ್‌ನಲ್ಲಿ ಮಾಡಬೇಕಾದದ್ದು ಏನೂ ಇಲ್ಲ.

ಬಾಗಿಲಲ್ಲೇ ನಿಂತರೆ

401 ಎಂದರೆ ಸರ್ವರ್ ನಿಮ್ಮನ್ನು ಗುರುತಿಸಿಲ್ಲ. 403 ಎಂದರೆ ಗುರುತಿಸಿದೆ, ಆದರೆ ಒಳಗೆ ಬಿಡುತ್ತಿಲ್ಲ. ಇವೆರಡನ್ನೂ ಒಂದೇ ಎಂದುಕೊಂಡು ಪಾಸ್‌ವರ್ಡ್ ಬದಲಿಸುತ್ತಾ ಕೂರುವುದು ವ್ಯರ್ಥ. 403 ಬಂದಾಗ, ಯಾರಿಗೆ ಯಾವ ಹಕ್ಕು ಎಂದು ಬರೆದಿರುವ ‘ಆಥ್‌ಝಡ್’ ಕಡತದಲ್ಲಿ ರೆಪಾಸಿಟರಿಯ ಹೆಸರು, ದಾರಿ ಮತ್ತು ಬಳಕೆದಾರರ ಹೆಸರಿನ ದೊಡ್ಡ-ಸಣ್ಣ ಅಕ್ಷರಗಳು ಹೊಂದುತ್ತವೆಯೇ ಎಂದು ನೋಡಬೇಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಡತವನ್ನು ಕಾಪಿ ಮಾಡುವ ಕಮಿಟ್‌ಗೆ ಮೂಲದಲ್ಲಿ ಓದುವ ಹಕ್ಕು, ಗುರಿಯಲ್ಲಿ ಬರೆಯುವ ಹಕ್ಕು ಎರಡೂ ಬೇಕೆಂಬುದನ್ನು ಮರೆಯುವುದುಂಟು.

ಅಪಾಚೆಯ ಬದಲು 3690ನೆಯ ಪೋರ್ಟ್‌ನಲ್ಲಿ ಸಬ್‌ವರ್ಷನ್‌ನ ಸ್ವಂತ ಸರ್ವರ್ ‘ಎಸ್‌ವಿಎನ್‌ಸರ್ವ್’ ನಡೆಸುವವರಿಗೆ ಕಾಯುತ್ತಿರುವ ಗುಂಡಿ ಬೇರೆಯದು. ಅದರ ಹೊಂದಿಕೆಯ ಕಡತದಲ್ಲಿ ಸಾಲುಗಳ ಮುಂದೆ ಹ್ಯಾಶ್ ಚಿಹ್ನೆ, ಅದರ ನಂತರ ಒಂದು ಖಾಲಿ ಜಾಗ ಇರುತ್ತದೆ. ಹ್ಯಾಶ್ ತೆಗೆದು ಖಾಲಿ ಜಾಗವನ್ನು ಉಳಿಸಿದರೆ ಕಡತವನ್ನು ಓದಲಾಗದೆ ‘ಆಪ್ಷನ್ ಎಕ್ಸ್‌ಪೆಕ್ಟೆಡ್’ ಎಂದು ಸಾಲಿನ ಸಂಖ್ಯೆಯೊಂದಿಗೆ ಬರುತ್ತದೆ. ಕಣ್ಣಿಗೆ ಕಾಣದ ಆ ಒಂದು ಜಾಗಕ್ಕಾಗಿ ನಾನು ಒಂದಿಡೀ ಸಂಜೆ ಕಳೆದಿದ್ದೇನೆ.

ಜಾಲದ ದಾರಿಯಲ್ಲಿ

ಇಲ್ಲಿ ಕೇಳಬೇಕಾದ ಪ್ರಶ್ನೆ, ಎಲ್ಲ ಕಮಿಟ್‌ಗಳೂ ಬೀಳುತ್ತಿವೆಯೇ ಅಥವಾ ಒಂದು ಬಗೆಯವು ಮಾತ್ರವೇ ಎಂಬುದು. ಸಣ್ಣವು ಹೋಗಿ ದೊಡ್ಡವು 413ರಲ್ಲಿ ನಿಂತರೆ ಅದು ಗಾತ್ರದ ಮಿತಿ. ನಮ್ಮಲ್ಲಿ ಒಬ್ಬರು ಕೊಡಗಿನ ವಂಶಪಾರಂಪರ್ಯ ಜಮೀನಾದ ಜಮ್ಮಾ ಬಾಣೆಯ ಹಳೆಯ ನಕ್ಷೆಗಳ ಸ್ಕ್ಯಾನ್ ಪ್ರತಿಗಳನ್ನು ಸೇರಿಸಲು ಹೊರಟಾಗ ಇದು ಬಂತು. ಎಂಜಿನ್‌ಎಕ್ಸ್ ಮುಂದಿದ್ದರೆ ಅದು ತಾನಾಗಿ ಒಪ್ಪುವ ಗಾತ್ರ 1 ಎಂಬಿ ಮಾತ್ರ, ಹೆಚ್ಚಿಸಬೇಕು. ಅಪಾಚೆಯ ಮೂಲ ಹೊಂದಿಕೆಯಲ್ಲಿ 2.4.53ರವರೆಗೆ ಈ ಮಿತಿ ಇರಲೇ ಇಲ್ಲ, ನಂತರ 1 ಜಿಬಿ ಆಯಿತು. ಹಾಗಾಗಿ ಸರ್ವರ್ ನವೀಕರಿಸಿದ ಮೇಲೆ ಭಾರಿ ಕಡತಗಳು ಮಾತ್ರ ಬೀಳತೊಡಗಿದರೆ ಈ ಕಡೆ ನೋಡಬೇಕು. ಅಂದಹಾಗೆ, ಸ್ಕ್ಯಾನ್ ನಕ್ಷೆಗಳಿಗೆ ಮೂಲಸಂಕೇತದ ರೆಪಾಸಿಟರಿ ತಕ್ಕ ಜಾಗವೇ ಎಂಬುದು ಬೇರೆ ಪ್ರಶ್ನೆ. ನನ್ನ ಉತ್ತರ ಅಲ್ಲವೆಂದೇ.

ದೊಡ್ಡ ಕಮಿಟ್ ಯಾವ ದೋಷವನ್ನೂ ಹೇಳದೆ ಸುಮ್ಮನೆ ನಿಂತುಬಿಟ್ಟರೆ ಪ್ಯಾಕೆಟ್‌ನ ಗಾತ್ರವನ್ನು ಅನುಮಾನಿಸಬೇಕು. ಫೈಬರ್ ಸಂಪರ್ಕಗಳಲ್ಲಿ ಬಳಕೆಯಲ್ಲಿರುವ ಪಿಪಿಪಿಒಇ ವಿಧಾನದಲ್ಲಿ ಒಂದು ಪ್ಯಾಕೆಟ್‌ಗೆ 1500ರ ಬದಲು 1492 ಬೈಟ್ ಮಾತ್ರ ಹಿಡಿಸುತ್ತದೆ. ತುಂಡರಿಸಬಾರದೆಂಬ ಸೂಚನೆಯೊಂದಿಗೆ 1464 ಬೈಟ್‌ನ ಪಿಂಗ್ ಹೋಗಿ 1472ರದ್ದು ಹೋಗದಿದ್ದರೆ ಮಿತಿ ಅಲ್ಲೇ ಇದೆ ಎಂದು ತಿಳಿಯುತ್ತದೆ. ರೌಟರ್‌ನಲ್ಲಿ ಎಂಟಿಯು, ಅಂದರೆ ಪ್ಯಾಕೆಟ್‌ನ ಈ ಗರಿಷ್ಠ ಗಾತ್ರವನ್ನು, ಸರಿಪಡಿಸಬೇಕು.

ತೀರಾ ನಿಧಾನದ ಸಂಪರ್ಕದಲ್ಲಿ 408 ಬಂದರೆ, ಅದು ನಿಜಕ್ಕೂ ಮಳೆಗಾಲದ ದೋಷ. ಅಪಾಚೆ 2.4ರ ‘ರಿಕ್ವೆಸ್ಟ್ ಟೈಮೌಟ್’ ಮಾಡ್ಯೂಲ್‌ನ ಮೂಲ ಹೊಂದಿಕೆ ಮಾಹಿತಿ ಬರಲು 20 ಸೆಕೆಂಡ್ ಕೊಟ್ಟು, ಆಮೇಲೆ ಬಂದ ಪ್ರತಿ 500 ಬೈಟ್‌ಗೆ ಒಂದೊಂದು ಸೆಕೆಂಡ್ ಹೆಚ್ಚು ಕೊಡುತ್ತದೆ. ಗಾಳಿಮಳೆಗೆ ಮೊಬೈಲ್ ಸಂಕೇತ ಬಂದು ಹೋಗಿ ಆಡುವಾಗ ಅಷ್ಟೂ ಬಾರದ ಹೊತ್ತಿರುತ್ತದೆ. ಆ ಮಿತಿಯನ್ನು ಪೂರ್ತಿ ತೆಗೆಯುವ ಬದಲು ರೆಪಾಸಿಟರಿಯ ವಿಳಾಸ ಇರುವ ವರ್ಚುವಲ್ ಹೋಸ್ಟ್‌ಗೆ ಮಾತ್ರ ಸಡಿಲಿಸಿದ್ದೇವೆ.

ಹೆಸರು ಬದಲಿಸಿದ ಕಡತಗಳ ಕಮಿಟ್‌ಗಳು ಮಾತ್ರ 502ರಲ್ಲಿ ಬೀಳುತ್ತವೆ, ಉಳಿದೆಲ್ಲ ಹೋಗುತ್ತವೆ ಎಂದರೆ ರೋಗ ಖಚಿತ. ಹೊರಗೆ ಎಚ್‌ಟಿಟಿಪಿಎಸ್, ಒಳಗೆ ಎಚ್‌ಟಿಟಿಪಿ ಇದ್ದು, ಕಾಪಿ ಮಾಡುವಾಗ ಬರುವ ‘ಡೆಸ್ಟಿನೇಷನ್’ ಹೆಡರ್‌ನಲ್ಲಿ ಹೊರಗಿನ ವಿಳಾಸವಿರುತ್ತದೆ. ಒಳಗಿನ ಅಪಾಚೆ ಅದನ್ನು ಬೇರೆ ಸರ್ವರ್ ಎಂದು ತಿಳಿಯುತ್ತದೆ. ಆ ಹೆಡರನ್ನು ಒಳಗಿನ ವಿಳಾಸಕ್ಕೆ ತಿದ್ದುವ ಒಂದು ಸಾಲಿನಿಂದ ಮುಗಿಯುತ್ತದೆ.

ಹುಕ್, ಮತ್ತು ಕನ್ನಡದ ಅಕ್ಷರಗಳು

165001 ಸಂಖ್ಯೆ ಹುಕ್ ತಡೆದಿದೆ ಎಂದು ಹೇಳುತ್ತದೆ. ಏಕೆ ತಡೆದಿದೆ ಎಂಬುದು ಬಳಕೆದಾರರಿಗೆ ಕಾಣಬೇಕಾದರೆ ಹುಕ್ ತನ್ನ ಮಾತನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆಯಬೇಕು. ಸಾಮಾನ್ಯ ಔಟ್‌ಪುಟ್‌ಗೆ ಬರೆದದ್ದು ಅವರನ್ನು ತಲುಪುವುದಿಲ್ಲ. 255 ಎಂಬ ನಿರ್ಗಮನ ಸಂಖ್ಯೆ ಕಂಡರೆ ಹುಕ್ ಓಡಿಯೇ ಇಲ್ಲವೆಂದು ಅನುಮಾನಿಸಿ, ಅದಕ್ಕೆ ಓಡುವ ಅನುಮತಿ ಇದೆಯೇ ಎಂದೂ, ವಿಂಡೋಸ್‌ನಲ್ಲಿ ತಿದ್ದಿದ್ದರಿಂದ ಸಾಲಿನ ಕೊನೆಯಲ್ಲಿ ಕ್ಯಾರೇಜ್ ರಿಟರ್ನ್ ಸೇರಿಕೊಂಡಿದೆಯೇ ಎಂದೂ ನೋಡಬೇಕು. ಹಾಗೆ ಸೇರಿಕೊಂಡಾಗ ಕಣ್ಣೆದುರೇ ಇರುವ ಕಡತವನ್ನು ‘ಅಂಥ ಕಡತವಿಲ್ಲ’ ಎನ್ನುತ್ತದೆ.

ಕೈಯಿಂದ ಓಡಿಸಿದರೆ ಸರಿ, ಸರ್ವರ್ ಓಡಿಸಿದರೆ ತಪ್ಪು ಎಂಬ ದೂರು ಹುಕ್‌ಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸಬ್‌ವರ್ಷನ್ ಹುಕ್ ಅನ್ನು ಖಾಲಿ ಪರಿಸರದಲ್ಲಿ ಓಡಿಸುತ್ತದೆ. ಆದೇಶಗಳನ್ನು ಹುಡುಕುವ ಪಾತ್ ಇಲ್ಲ, ಭಾಷೆ ಮತ್ತು ಅಕ್ಷರಗಳ ಹೊಂದಿಕೆಯಾದ ಲೊಕೇಲ್ ಇಲ್ಲ. ಆದ್ದರಿಂದ ಪ್ರತಿ ಆದೇಶಕ್ಕೂ ಪೂರ್ತಿ ದಾರಿ ಬರೆಯಬೇಕು, ಮತ್ತು ಪರೀಕ್ಷಿಸುವಾಗ ಸರ್ವರ್ ನಡೆಸುವ ಬಳಕೆದಾರರ ಹೆಸರಿನಲ್ಲಿ, ಪರಿಸರವನ್ನು ಬರಿದು ಮಾಡಿಯೇ ಓಡಿಸಬೇಕು.

ಲೊಕೇಲ್ ಇಲ್ಲದಿರುವುದು ಕನ್ನಡದಲ್ಲಿ ಬರೆಯುವವರಿಗೆ ನೇರವಾಗಿ ತಟ್ಟುತ್ತದೆ. ಲಾಗ್ ಸಂದೇಶದಲ್ಲಿ ‘ತಿದ್ದುಪಡಿ’ ಅಥವಾ ‘ಹೊಸದು’ ಎಂಬ ಪದ ಇರಲೇಬೇಕೆಂದು ನಾವು ಹುಕ್ ಬರೆದಿದ್ದೆವು. ನನ್ನ ಟರ್ಮಿನಲ್‌ನಲ್ಲಿ ಚೆನ್ನಾಗಿ ನಡೆಯಿತು. ಸರ್ವರ್‌ನಲ್ಲಿ ಮಾತ್ರ ಕನ್ನಡದ ಸಂದೇಶಗಳೆಲ್ಲ ತಿರಸ್ಕೃತವಾದವು, ಏಕೆಂದರೆ ಏನನ್ನೂ ಹೊಂದಿಸದಾಗ ಬರುವ ‘ಸಿ’ ಲೊಕೇಲ್‌ನಲ್ಲಿ ‘ಎಸ್‌ವಿಎನ್‌ಲುಕ್’ ಕನ್ನಡದ ಅಕ್ಷರಗಳ ಬದಲು ಸಂಕೇತಗಳನ್ನು ಕೊಡುತ್ತದೆ. ಹುಡುಕುವ ಪದ ಅದರಲ್ಲಿ ಎಂದೂ ಸಿಗದು. ಹುಕ್‌ನ ಮೊದಲಲ್ಲೇ ಯುಟಿಎಫ್-8 ಲೊಕೇಲ್ ಹೊಂದಿಸಿದರೆ, ಅಥವಾ 1.8ರಿಂದ ಲಭ್ಯವಿರುವ ‘ಹುಕ್ಸ್-ಎನ್ವ್’ ಕಡತದಲ್ಲಿ ಬರೆದರೆ ಸರಿಹೋಗುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಎಂಬುದನ್ನು ನೆನಪಿಡದೆ ಬೈಟ್ ಎಣಿಸುವ ಹುಕ್‌ಗಳು ಉದ್ದದ ಲೆಕ್ಕದಲ್ಲೂ ತಪ್ಪುತ್ತವೆ.

ಕಡತದ ಹೆಸರಿನಲ್ಲಿರುವ ತೊಡಕು ಇದಕ್ಕಿಂತ ನವಿರಾದದ್ದು. ‘ಕೊಡಗು’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಯುನಿಕೋಡ್‌ನಲ್ಲಿ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಮೊದಲನೆಯದರಲ್ಲಿ 5 ಸಂಕೇತ, ಎರಡನೆಯದರಲ್ಲಿ 6. ಪರದೆಯ ಮೇಲೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನು ಬಿಡಿಸಿದ ರೂಪದಲ್ಲೇ ಇಡುತ್ತದೆ, ಸಬ್‌ವರ್ಷನ್ ಇವೆರಡನ್ನು ಬೇರೆ ಬೇರೆ ಹೆಸರೆಂದು ತಿಳಿಯುತ್ತದೆ. ಪರಿಣಾಮವಾಗಿ ‘ಕೊಡಗು’ ಎಂಬ ಫೋಲ್ಡರ್ ಒಂದು ಕಡೆ ಕಾಣೆಯಾಗಿರುವಂತೆಯೂ ಅದೇ ಹೆಸರಿನ ಗುರುತಿಲ್ಲದ ಇನ್ನೊಂದು ಹುಟ್ಟಿರುವಂತೆಯೂ ಸ್ಟೇಟಸ್ ತೋರಿಸುತ್ತದೆ, ಕಮಿಟ್ ನಿಲ್ಲುತ್ತದೆ. ‘ತೋಟ’ಕ್ಕೂ ಇದೇ ಗತಿ. ಸಂದೇಶಗಳನ್ನು ಕನ್ನಡದಲ್ಲೇ ಬರೆಯಿರಿ, ಕಡತದ ಹೆಸರನ್ನು ಮಾತ್ರ ಸದ್ಯಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿಡಿ ಎಂದು ನಮ್ಮವರಿಗೆ ಹೇಳಿದ್ದೇನೆ. ಹೇಳುವಾಗ ಖುಷಿಯೇನೂ ಆಗಲಿಲ್ಲ.

ಪೋಸ್ಟ್-ಕಮಿಟ್ ಹುಕ್ ಮೇಲ್ ಕಳುಹಿಸುವಂತಿದ್ದರೆ, ಮೇಲ್ ಸರ್ವರ್ ಉತ್ತರಿಸದಿದ್ದಾಗ ಬಳಕೆದಾರರೂ ಕಾಯುತ್ತಾರೆ, ಬೇಸತ್ತು ನಿಲ್ಲಿಸುತ್ತಾರೆ, ಮತ್ತೆ ಕಮಿಟ್ ಮಾಡಿ ಔಟ್ ಆಫ್ ಡೇಟ್ ಎನಿಸಿಕೊಳ್ಳುತ್ತಾರೆ. ಆ ಕೆಲಸವನ್ನು ಹಿನ್ನೆಲೆಗೆ ಸರಿಸಿದರೆ ಸಾಲದು. ಅದರ ಎರಡೂ ಔಟ್‌ಪುಟ್‌ಗಳನ್ನು ಬೇರೆ ಕಡೆಗೆ ತಿರುಗಿಸದಿದ್ದರೆ ಸರ್ವರ್ ಕಾಯುತ್ತಲೇ ಇರುತ್ತದೆ.

ಡಿಸ್ಕ್‌ಗೆ ಬರೆಯಲಾಗದಿದ್ದರೆ

‘ಪರ್ಮಿಷನ್ ಡಿನೈಡ್’ ಎಂಬುದಕ್ಕೆ ನಮ್ಮಲ್ಲಿ ಸಿಕ್ಕ ಅತ್ಯಂತ ವಿಚಿತ್ರ ಕಾರಣವನ್ನು ವಿವರವಾಗಿ ಹೇಳುತ್ತೇನೆ. ಒಂದು ಬೆಳಿಗ್ಗೆ ಯಾರ ಕಮಿಟ್ ಕೂಡ ಹೋಗುತ್ತಿರಲಿಲ್ಲ. ಹಿಂದಿನ ರಾತ್ರಿಯವರೆಗೆ ಎಲ್ಲ ಸರಿಯಿತ್ತು, ಕರೆಂಟ್ ಹೋಗಿರಲಿಲ್ಲ, ಯಾವ ಹೊಂದಿಕೆಯೂ ಬದಲಾಗಿರಲಿಲ್ಲ. ಬದಲಾದದ್ದು ಒಂದೇ: ರಾತ್ರಿ ನಾನು ಸರ್ವರ್‌ನಲ್ಲೇ ಎಲ್ಲ ಹಕ್ಕುಗಳಿರುವ ರೂಟ್ ಬಳಕೆದಾರನಾಗಿ, ಜಾಲದ ಮೂಲಕವಲ್ಲದೆ ನೇರ ಕಡತದ ವಿಳಾಸದಿಂದ ಒಂದು ಪರೀಕ್ಷಾ ಕಮಿಟ್ ಮಾಡಿದ್ದೆ. ಅದಕ್ಕೂ ಮೊದಲು ಹಾಗೆ ಎಷ್ಟೋ ಸಲ ಮಾಡಿದ್ದೆ, ಏನೂ ಆಗಿರಲಿಲ್ಲ.

ಎಫ್‌ಎಸ್‌ಎಫ್‌ಎಸ್ 1.5ನೆಯ ಆವೃತ್ತಿಯಿಂದ ರಿವಿಷನ್ನುಗಳನ್ನು ಸಾವಿರ ಸಾವಿರದ ಫೋಲ್ಡರ್‌ಗಳಲ್ಲಿ ಇಡುತ್ತದೆ. ನನ್ನ ಕಮಿಟ್‌ಗೆ ಸಿಕ್ಕ ಸಂಖ್ಯೆ 5000. ಅದಕ್ಕಾಗಿ ‘5’ ಎಂಬ ಹೊಸ ಫೋಲ್ಡರ್ ಹುಟ್ಟಿತು, ಅದರ ಒಡೆಯ ರೂಟ್ ಆದ. ಅಪಾಚೆಯ ಬಳಕೆದಾರನಿಗೆ ಅದರೊಳಗೆ ಬರೆಯುವ ಹಕ್ಕಿಲ್ಲದ್ದರಿಂದ 5001ನ್ನು ಅಲ್ಲಿಗೆ ಸರಿಸಲಾಗಲಿಲ್ಲ. ಮೊದಲಿನ ಸಲಗಳಲ್ಲಿ ಫೋಲ್ಡರ್ ಅಪಾಚೆಯದೇ ಆಗಿದ್ದರಿಂದ ರೂಟ್‌ನ ಒಂದು ಕಡತ ಒಳಗಿದ್ದರೂ ತೊಂದರೆಯಾಗಿರಲಿಲ್ಲ. ಇಡೀ ರೆಪಾಸಿಟರಿಯ ಒಡೆತನವನ್ನು ಅಪಾಚೆಗೆ ಮರಳಿಸಿದಾಗ ಎರಡು ನಿಮಿಷದಲ್ಲಿ ಸರಿಹೋಯಿತು. ಅಂದಿನಿಂದ ಪರೀಕ್ಷೆಯ ಕಮಿಟ್ ಅನ್ನು ಜಾಲದ ವಿಳಾಸದಿಂದಲೇ ಮಾಡುತ್ತೇನೆ. ಎಸ್‌ಎಸ್‌ಎಚ್ ಮೂಲಕ ಹಲವರು ಬರೆಯುವ ಕಡೆ ಗುಂಪಿನ ಅನುಮತಿ, ಹೊಸ ಕಡತಗಳೂ ಅದೇ ಗುಂಪಿಗೆ ಸೇರುವಂತೆ ಮಾಡುವ ಸೆಟ್‌ಜಿಐಡಿ ಮತ್ತು ಅವುಗಳಲ್ಲಿ ಗುಂಪಿನ ಬರೆಯುವ ಹಕ್ಕನ್ನು ಉಳಿಸುವ 002 ಯುಮಾಸ್ಕ್ ಮೂರೂ ಬೇಕು.

ಒಡೆತನ, ಅನುಮತಿ ಎರಡೂ ಸರಿಯಿದ್ದೂ ನಿರಾಕರಣೆ ಬಂದರೆ ಲಿನಕ್ಸ್‌ನ ಹೆಚ್ಚುವರಿ ಭದ್ರತಾ ವ್ಯವಸ್ಥೆಯಾದ ಎಸ್‌ಇಲಿನಕ್ಸ್ ಕಾರಣವಿರಬಹುದು. ಹೋಮ್ ಫೋಲ್ಡರಿನಿಂದ ರೆಪಾಸಿಟರಿಯನ್ನು ಸರಿಸಿ ತಂದಾಗ ಹಳೆಯ ಗುರುತು ಅಂಟಿಕೊಂಡೇ ಬರುತ್ತದೆ. ಆಡಿಟ್ ಲಾಗ್‌ನಲ್ಲಿ ಅದರ ಸಾಕ್ಷ್ಯ ಸಿಗುತ್ತದೆ.

ಡಿಸ್ಕ್ ತುಂಬಿದೆಯೇ ಎಂದು ನೋಡುವಾಗ ಜಾಗದ ಜೊತೆಗೆ, ಪ್ರತಿ ಕಡತಕ್ಕೂ ಒಂದೊಂದು ಬೇಕಾಗುವ ಐನೋಡ್‌ಗಳನ್ನೂ ನೋಡಬೇಕು. ಹಲವು ರಿವಿಷನ್ನುಗಳನ್ನು ಒಂದೇ ಕಡತಕ್ಕೆ ಸೇರಿಸಿ ಪ್ಯಾಕ್ ಮಾಡದ ರೆಪಾಸಿಟರಿಯಲ್ಲಿ ಪ್ರತಿ ರಿವಿಷನ್ನಿಗೂ ಎರಡು ಕಡತ ಹುಟ್ಟುವುದರಿಂದ ಜಾಗ ಉಳಿದಿದ್ದರೂ ಐನೋಡ್ ಮುಗಿಯಬಹುದು. ಇಎಕ್ಸ್‌ಟಿ4 ಡಿಸ್ಕ್‌ನಲ್ಲಿ ಸಾಮಾನ್ಯವಾಗಿ 5 ಪ್ರತಿಶತ ಜಾಗ ರೂಟ್‌ಗೆ ಮೀಸಲು. ಹಾಗಾಗಿ ಉಳಿದವರಿಗೆ ಡಿಸ್ಕ್ ತುಂಬಿದ್ದರೂ ರೂಟ್ ಆಗಿ ಬರೆದು ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಜಾಲ ಕಡಿದಾಗ ಅನಾಥವಾಗುವ ಟ್ರಾನ್ಸಾಕ್ಷನ್‌ಗಳು ಸ್ವಲ್ಪ ಜಾಗ ತಿನ್ನುತ್ತವೆ. ‘ಎಲ್‌ಎಸ್‌ಟಿಎಕ್ಸ್‌ಎನ್ಸ್’ ಆದೇಶ ಅವುಗಳ ಪಟ್ಟಿ ಕೊಡುತ್ತದೆ, ಹಳೆಯವನ್ನು ‘ಆರ್‌ಎಂಟಿಎಕ್ಸ್‌ಎನ್ಸ್’ ತೆಗೆಯುತ್ತದೆ. ಅವು ಬೇರೆಯವರ ಕಮಿಟ್ ತಡೆಯುವುದಿಲ್ಲ. ಹಾಗೆಯೇ ‘ರೈಟ್-ಲಾಕ್’ ಎಂಬ ಸೊನ್ನೆ ಗಾತ್ರದ ಕಡತ ಕಂಡೊಡನೆ ಬೀಗ ಬಿದ್ದಿದೆ ಎಂದು ತಿಳಿದು ಅಳಿಸುವವರಿದ್ದಾರೆ. ಆ ಕಡತ ಯಾವಾಗಲೂ ಅಲ್ಲಿರುವಂಥದ್ದು. ನಿಜವಾದ ಬೀಗ ಆಪರೇಟಿಂಗ್ ಸಿಸ್ಟಮ್‌ನ ಕೈಯಲ್ಲಿದ್ದು, ಪ್ರಕ್ರಿಯೆ ಸತ್ತೊಡನೆ ಬಿಡುತ್ತದೆ.

ಕರೆಂಟ್ ಹೋದಾಗ ‘ಕರೆಂಟ್’ ಕೂಡ ಹೋದರೆ

ಯುಪಿಎಸ್ ಬ್ಯಾಟರಿ ಸೋತು ಸರ್ವರ್ ಏಕಾಏಕಿ ಆರಿದರೆ, ಬರೆಯುತ್ತಿದ್ದ ಕಡತಗಳು ಸೊನ್ನೆ ಬೈಟ್‌ಗಳಾಗಿ ಉಳಿಯುವುದುಂಟು. ಡಿಸ್ಕ್ ‘ಬರೆದೆ’ ಎಂದು ಹೇಳಿ ತನ್ನ ಕ್ಯಾಶ್‌ನಲ್ಲೇ ಇಟ್ಟುಕೊಂಡಿದ್ದರೆ ಹೀಗಾಗುತ್ತದೆ. ಎಲ್ಲಕ್ಕಿಂತ ಮೊದಲು ಸರ್ವರ್ ಪ್ರಕ್ರಿಯೆಗಳನ್ನು ನಿಲ್ಲಿಸಿ, ಇಡೀ ರೆಪಾಸಿಟರಿಯನ್ನು ಇದ್ದಂತೆಯೇ ಬೇರೆ ಡಿಸ್ಕ್‌ಗೆ ಕಾಪಿ ಮಾಡಬೇಕು. ಈ ಕಾಪಿ ಇಲ್ಲದೆ ಮುಂದಿನ ಯಾವ ಸಾಲನ್ನೂ ಪ್ರಯತ್ನಿಸಬೇಡಿ.

‘ಕರೆಂಟ್’ ಕಡತ ಖಾಲಿಯಾಗಿದ್ದು ರಿವಿಷನ್ ಕಡತಗಳೆಲ್ಲ ಸರಿಯಿದ್ದರೆ ‘ಎಸ್‌ವಿಎನ್‌ಅಡ್ಮಿನ್ ರಿಕವರ್’ ಅದನ್ನು ಮತ್ತೆ ಕಟ್ಟಿಕೊಡುತ್ತದೆ. ಅದು ಮುಗಿದ ಮೇಲೆ ‘ವೆರಿಫೈ’ ಓಡಿಸಬೇಕು; ಮೊದಲ ರಿವಿಷನ್‌ನಿಂದ ಕೊನೆಯವರೆಗೆ ಓದುವುದರಿಂದ ಹೊತ್ತು ಹಿಡಿಯುತ್ತದೆ, ಅವಸರಪಡಬಾರದು.

200030 ಸಂಖ್ಯೆಯೊಂದಿಗೆ ಎಸ್‌ಕ್ಯುಲೈಟ್‌ನ ಹೆಸರು ಬಂದು, ಸರ್ವರ್‌ನ ‘ರೆಪ್-ಕ್ಯಾಶ್’ ಡೇಟಾಬೇಸ್ ಕೆಟ್ಟಿದೆ ಎಂದು ತಿಳಿದರೆ ಗಾಬರಿ ಬೇಡ. ಅದು 1.6ರಲ್ಲಿ ಬಂದದ್ದು, ಒಂದೇ ವಿಷಯವನ್ನು ಎರಡು ಸಲ ಸಂಗ್ರಹಿಸದಂತೆ ನೋಡಿಕೊಳ್ಳುವ ಅನುಕೂಲ ಮಾತ್ರ. ಸರ್ವರ್ ನಿಲ್ಲಿಸಿ ಆ ಕಡತವನ್ನು ಪಕ್ಕಕ್ಕೆ ಸರಿಸಿದರೆ ಸಬ್‌ವರ್ಷನ್ ಹೊಸದನ್ನು ಹುಟ್ಟಿಸಿಕೊಳ್ಳುತ್ತದೆ, 1.14ರಲ್ಲಿ ಅದನ್ನು ಮತ್ತೆ ತುಂಬಿಸಲು ‘ಬಿಲ್ಡ್-ರೆಪ್‌ಕ್ಯಾಶ್’ ಆದೇಶವೂ ಇದೆ. ಇದರ ಬರವಣಿಗೆ ರಿವಿಷನ್ ಆದ ನಂತರ ನಡೆಯುವುದರಿಂದ, ಇಲ್ಲಿ ತಪ್ಪಾದಾಗಲೂ ಕಮಿಟ್ ಆಗಿರುತ್ತದೆ.

ಕೊನೆಯ ರಿವಿಷನ್ನಿನ ಕಡತವೇ ಸೊನ್ನೆಯಾಗಿದ್ದರೆ ಕೆಲಸ ಕಷ್ಟದ್ದು. ಬ್ಯಾಕಪ್‌ನಲ್ಲಿ ಆ ರಿವಿಷನ್ ಇದ್ದರೆ ಅದರ ಎರಡೂ ಕಡತಗಳನ್ನು ತಂದು ಇಡಬಹುದು. ಕರೆಂಟ್ ಹೋದ ಕ್ಷಣದ ಕಮಿಟ್ ಆದ್ದರಿಂದ ಸಾಮಾನ್ಯವಾಗಿ ಇರುವುದಿಲ್ಲ. ಆಗ ಆ ರಿವಿಷನ್ನಿನ ಕಡತಗಳನ್ನು ‘ರೆವ್ಸ್’ ಮತ್ತು ‘ರೆವ್‌ಪ್ರಾಪ್ಸ್’ ಎರಡೂ ಕಡೆಯಿಂದ ಹೊರಗಿಟ್ಟು ‘ರಿಕವರ್’ ಓಡಿಸಿದರೆ ರೆಪಾಸಿಟರಿ ಹಿಂದಿನ ಸಂಖ್ಯೆಗೆ ಬಂದು ನಿಲ್ಲುತ್ತದೆ. ಕಳೆದುಹೋದ ಕೆಲಸ ಅದನ್ನು ಕಳುಹಿಸಿದವರ ವರ್ಕಿಂಗ್ ಕಾಪಿಯಲ್ಲಿ ಇನ್ನೂ ಇರುತ್ತದೆ. ಅವರು ಅಪ್‌ಡೇಟ್ ಮಾಡುವ ಮುನ್ನ ಫೋನ್ ಮಾಡಿ ತಡೆಯಬೇಕು. ಆ ಸಂಖ್ಯೆಯನ್ನು ಆಗಲೇ ಪಡೆದಿರುವ ವರ್ಕಿಂಗ್ ಕಾಪಿಗಳು ಇಲ್ಲದ ರಿವಿಷನ್ನನ್ನು ಕೇಳುತ್ತಾ ದೋಷ ಹೇಳುವುದರಿಂದ, ಹೊಸದಾಗಿ ಚೆಕ್‌ಔಟ್ ಮಾಡಿ, ಹಳೆಯದರಿಂದ ಬದಲಾದ ಕಡತಗಳನ್ನು ಮೇಲೆ ಇಟ್ಟು, ಅಲ್ಲಿಂದ ಮತ್ತೆ ಕಮಿಟ್ ಮಾಡಬೇಕು. ನಮ್ಮಲ್ಲಿ ಒಮ್ಮೆ ಹೀಗಾದಾಗ ಗೋಣಿಕೊಪ್ಪದವರು ಹಾಗೆ ಮತ್ತೆ ಕಳುಹಿಸಿದ ಕಮಿಟ್‌ಗೆ ಅದೇ ಹಳೆಯ ಸಂಖ್ಯೆ ಸಿಕ್ಕಿತು. ಯುಪಿಎಸ್ ಬ್ಯಾಟರಿ ಅರ್ಧಕ್ಕಿಳಿದ ಕೂಡಲೇ ಸರ್ವರ್ ತಾನಾಗಿ ಆರುವಂತೆ ಅದೇ ದಿನ ಹೊಂದಿಸಿದೆವು.